ಪೀಪಿ ತೊಳೆದುಕೊಟ್ಟ ವೈಂಡಿಂಗ್ ಅಕ್ಕ

ಅವರ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು, ಅರ್ಧ ಅಕ್ಕಿಕಾಳು ಕೂರುವಷ್ಟು. ತಾಮ್ರದ ತಂತಿಯ ತುದಿಗಿರುವ ಇನಾಮೆಲ್ ಲೇಪವನ್ನು ಹದಿನೆಂಟು ವರ್ಷ ಹಲ್ಲಿನಿಂದಲೇ ಕೆರೆದು ಕೆರೆದು ಬಿದ್ದ ಕಚ್ಚು. ಕೆರೆಯುವುದಕ್ಕೆ ಬ್ಲೇಡೂ ಇತ್ತು, ಎಮರಿ ಪೇಪರೂ ಇತ್ತು. ಎರಡೂ ಕೈ ಸುರುಳಿಯ ಮೇಲಿರುವಾಗ ಬ್ಲೇಡು ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಲಿ ಎನ್ನುವುದು ಅವರ ವಾದ. ಏನಾದರೂ ಹೊಸ ವಿಷಯ ಕಿವಿಗೆ ಬಿದ್ದರೆ ಸಾಕು, ಅವರ ನಾಲಗೆಯ ತುದಿ ತಾನಾಗಿ ಆ ಕಚ್ಚನ್ನು ಹುಡುಕಿಕೊಂಡು ಹೋಗುತ್ತಿತ್ತು. ಆಗ ಅವರಿಗೆ ಎದುರಿಗಿರುವವರು ಕಾಣುತ್ತಿರಲಿಲ್ಲ.

ಕುಂಬಾರಕೊಪ್ಪಲಿನಿಂದ ಹೂಟಗಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ ಅವರದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಮಿಕ್ಸಿ, ಗ್ರೈಂಡರ್, ಬೋರ್‌ವೆಲ್ ಪಂಪುಗಳ ಮೋಟಾರು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಶ್‌ನಲ್ಲಿ ಅದ್ದಿ, ಹಳೆಯ ಕಬ್ಬಿಣದ ಬೀರುವಿನಿಂದ ಮಾಡಿಕೊಂಡ ಒಲೆಯಲ್ಲಿ ಬೇಯಿಸಿ ಕೊಡುವ ಕೆಲಸ. ಅವರು ಇಲವಾಲದ ಆಚೆಯ ಒಂದು ಹಳ್ಳಿಯ ಒಕ್ಕಲು ಮನೆಯವರು. ಅಂಗಡಿ ಶುರು ಮಾಡಿದ್ದು ಅವರ ಯಜಮಾನರು. ಹೆಂಡತಿಯ ಕೈ ತನ್ನ ಕೈಗಿಂತ ಚುರುಕು ಎಂದು ಎರಡೇ ವರ್ಷದಲ್ಲಿ ಕಂಡುಕೊಂಡ ಆ ಒಳ್ಳೆಯ ಮನುಷ್ಯ, ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಹಿಡಿದು ಅಂಗಡಿಯನ್ನು ಇವರಿಗೇ ಬಿಟ್ಟುಕೊಟ್ಟಿದ್ದರು. ಹೊಸಬರು ಬಂದು "ಯಜಮಾನ್ರು ಇಲ್ವಾ?" ಅಂದರೆ ಇವರು ತಲೆಯೆತ್ತದೆ, "ಸುಟ್ಟಿರೋದು ಮೋಟ್ರು ತಾನೆ? ಯಜಮಾನ್ರು ಯಾಕೆ, ಇಲ್ಲಿ ಕೊಡಿ" ಅನ್ನುತ್ತಿದ್ದರು. ಬೀದಿಯವರೆಲ್ಲ ಅವರನ್ನು ವೈಂಡಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ನನಗಿಂತ ಆರೇಳು ವರ್ಷ ಚಿಕ್ಕವರಾದರೂ ನಾನೂ ಹಾಗೆಯೇ ಕರೆಯುತ್ತಿದ್ದೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಇಪ್ಪತ್ತೆರಡು ವರ್ಷ ಸಿಗರೇಟು ಸೇದಿದವನು. ಹೆಂಡತಿ ಮಾತು ಬಿಡುವವರೆಗೆ ವಿಷಯ ಹೋದಾಗ ವಿದೇಶದಿಂದ ಬಂದ ಷಡ್ಡಕ ಒಂದು ಇ-ಸಿಗರೇಟು ತಂದುಕೊಟ್ಟ. ಆಗಿನ್ನೂ ಅದರ ಮೇಲೆ ದೇಶವ್ಯಾಪಿ ನಿಷೇಧ ಇರಲಿಲ್ಲ. ಕೆಳಗೆ ಬ್ಯಾಟರಿ, ಮೇಲೆ ಅಟೊಮೈಸರ್ ಎಂಬ ಬೆರಳುಗಾತ್ರದ ಕೊಳವೆ. ಕೊಳವೆಯೊಳಗೆ ಕೂದಲಿನಂಥ ತಂತಿಯ ಒಂದು ಸುರುಳಿ, ಸುರುಳಿಯ ನಡುವೆ ಹತ್ತಿ. ಹತ್ತಿ ದ್ರವವನ್ನು ಹೀರುತ್ತದೆ, ಗುಂಡಿ ಒತ್ತಿದರೆ ಸುರುಳಿ ಕಾಯುತ್ತದೆ, ದ್ರವ ಆವಿಯಾಗಿ ಬಾಯಿಗೆ ಬರುತ್ತದೆ. ಇಷ್ಟೇ. ಆದರೆ ಹತ್ತು ಹನ್ನೆರಡು ದಿನಕ್ಕೆ ಸುರುಳಿಯ ಮೇಲೆ ಕರಿ ಕಟ್ಟಿ, ಸೀದ ಬೆಲ್ಲದ ಪಾಕದಂಥ ರುಚಿ ಗಂಟಲಿಗೆ ಇಳಿಯುತ್ತಿತ್ತು. ಹೊಸದು ತರಿಸಬೇಕಾದರೆ ಷಡ್ಡಕನನ್ನೇ ಕಾಯಬೇಕು. ಕಾಯುವ ದಿನಗಳಲ್ಲಿ ಮತ್ತೆ ಸಿಗರೇಟು.

ಹಾಗಾಗದಿರಲೆಂದು ಒಂದು ಭಾನುವಾರ ನಾನೇ ತೊಳೆಯಲು ಕೂತೆ. ಅಟೊಮೈಸರನ್ನು ಗಾಯಕ್ಕೆ ಹಚ್ಚುವ ಸ್ಪಿರಿಟ್‌ನಲ್ಲಿ ನೆನೆಹಾಕಿ, ಒರೆಸಿ, ಆರಲು ಬಿಡುವ ತಾಳ್ಮೆಯಿಲ್ಲದೆ ಬಾಯಿಯ ಹತ್ತಿರ ಹಿಡಿದು ಗುಂಡಿ ಒತ್ತಿದೆ. ಬುಸ್ಸೆಂದು ನೀಲಿ ಜ್ವಾಲೆ ಎದ್ದಿತು. ಸ್ಪಿರಿಟ್ ಎಷ್ಟು ಕಡಿಮೆ ಉಷ್ಣತೆಯಲ್ಲಿ ಆವಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ ಎಂಬುದನ್ನು ಪ್ರತಿ ವರ್ಷ ಪಾಠ ಮಾಡುತ್ತಿದ್ದ ನನ್ನ ಮೀಸೆಯ ಬಲಭಾಗ ಹೋಯಿತು.

ಸುರುಳಿ, ತಂತಿ ಎಂದರೆ ನನಗೆ ನೆನಪಾದದ್ದು ವೈಂಡಿಂಗ್ ಅಕ್ಕನೇ. ನಮ್ಮ ಮಿಕ್ಸಿಗೆ ಎರಡು ಸಲ ಮರುಜೀವ ಕೊಟ್ಟಿದ್ದವರು. ಅವರು ಮೊದಲು ನನ್ನ ಮೀಸೆ ನೋಡಿದರು, ಆಮೇಲೆ ಕೈಯಲ್ಲಿದ್ದದ್ದನ್ನು.

"ಏನ್ ಮೇಷ್ಟ್ರೇ ಇದು, ಪೀಪಿ ತರಾ ಅದೆ?"

ಹೇಳಿದೆ. ನಾಲಗೆಯ ತುದಿ ಕಚ್ಚಿಗೆ ಹೋಯಿತು. ಆವತ್ತಿನಿಂದ ಅದು ಪೀಪಿಯೇ.

ಅವರು ಅದನ್ನು ಬಿಚ್ಚಿದ ರೀತಿಯನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು. ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಇಟ್ಟರು. ಚಿಮ್ಮಟದಿಂದ ಕರಿ ಹತ್ತಿಯನ್ನು ಎಳೆದು ತೆಗೆದು ಮೂಸಿದರು. ಸುರುಳಿಯ ಹತ್ತಿರ ಅಯಸ್ಕಾಂತ ತಂದರು. ಅಂಟಿಕೊಂಡಿತು.

"ತಾಮ್ರ ಅಲ್ಲ, ಸ್ಟವ್ ಕಾಯಿಲ್ ತಂತಿನೂ ಅಲ್ಲ, ಅದು ಅಂಟಲ್ಲ. ಇದ್ಯಾವುದೋ ಕಬ್ಬಿಣದ ಜಾತಿ" ಎಂದು ಮಲ್ಟಿಮೀಟರ್ ಹಿಡಿದು ಓಮ್ ಎಷ್ಟು ಎಂದು ನೋಡಿದರು. ಮೋಟಾರುಗಳ ತಂತಿಯ ದಪ್ಪ, ಸುತ್ತಿನ ಲೆಕ್ಕ ಬರೆದಿಡುವ ಉದ್ದ ಪುಸ್ತಕದಲ್ಲಿ ಹೊಸ ಪುಟ ತೆಗೆದು, 'ಮೇಷ್ಟ್ರ ಪೀಪಿ' ಎಂದು ಬರೆದು, ಕೆಳಗೆ 1.8 ಎಂದು ಗುರುತು ಹಾಕಿದರು. ಓಮನ ನಿಯಮವನ್ನು ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದೆ. ಅದನ್ನು ಹೀಗೆ ಮೂಸಿ ನೋಡಿ ಬರೆಯಬಹುದೆಂದು ಗೊತ್ತಿರಲಿಲ್ಲ.

"ಹೊಸ ತಂತಿ ಸುತ್ತಿಕೊಡ್ತೀರಾ?" ಎಂದೆ.

"ಸುತ್ತಲ್ಲ ಮೇಷ್ಟ್ರೇ. ಮೋಟ್ರಿಗಾದ್ರೆ ಯಾವ ತಂತಿ ಬೇಕಾದ್ರೂ ಹಾಕ್ಬುಡ್ತೀನಿ. ಇದು ಎದೆಗೆ ಹೋಗೋದು. ನನ್ನ ತಂತಿ ಕಾದ್ರೆ ಏನೇನ್ ಬಿಡ್ತದೋ ಯಾರಿಗ್ ಗೊತ್ತು? ಇರೋದನ್ನ ತೊಳ್ದು ಬಾಳಿಕೆ ಬರಂಗೆ ಮಾಡ್ಕೊಡ್ತೀನಿ, ಅಷ್ಟೇ."

ತೊಳೆಯುವ ವಿಧಾನವನ್ನು ಅವರು ಎರಡು ಮೂರು ವಾರಗಳಲ್ಲಿ ತಾವೇ ಕಂಡುಕೊಂಡರು. ಸ್ಪಿರಿಟ್ ಬೇಡ, ಬಿಸಿನೀರೇ ಸಾಕು. ಮೂರು ನೀರು ಬದಲಾಯಿಸಿ ಅಲುಗಾಡಿಸಿದರೆ ಅಂಟು ಬಿಡುತ್ತದೆ. ಆಮೇಲೆ ಬರೀ ಸುರುಳಿಗೆ ಒಂದೊಂದೇ ಸೆಕೆಂಡು ಕರೆಂಟು ಕೊಡಬೇಕು. ಆ ಹೊತ್ತಿಗೆ ಅಂಗಡಿಯ ಟ್ಯೂಬ್‌ಲೈಟ್ ಆರಿಸಿ, "ನೋಡಿ, ಈಗ ನೋಡಿ" ಅನ್ನುತ್ತಿದ್ದರು. ಕತ್ತಲಲ್ಲಿ ಸುರುಳಿ ನಡುವಿನಿಂದ ಕೆಂಪೇರುತ್ತ ಎರಡೂ ಕಡೆಗೆ ಹರಡಬೇಕು. ಒಂದು ತುದಿ ಮೊದಲು ಕೆಂಪಾದರೆ ಅಲ್ಲಿ ಕೊಳೆ ಉಳಿದಿದೆ ಎಂದು ಅರ್ಥ. ಕರಿಯೆಲ್ಲ ಬೂದಿಯಾಗಿ ಉದುರಿದ ಮೇಲೆ ಇನ್ನೊಮ್ಮೆ ನೀರು, ಆಮೇಲೆ ಪೂರ್ತಿ ಒಣಗುವವರೆಗೆ ಬಿಸಿಲು. "ಸುಟ್ಟಿರೋದು ಸುಳ್ಳು ಹೇಳಲ್ಲ" ಎನ್ನುವುದು ಅವರ ಮಾತು. ಮೋಟಾರು ಎಲ್ಲಿ ಕಪ್ಪಾಗಿದೆ ಎಂದು ನೋಡಿ, ಆ ಮನೆಯ ಗ್ರೈಂಡರಿಗೆ ಅಕ್ಕಿ ಹೆಚ್ಚು ಹಾಕುತ್ತಾರೋ ಅಥವಾ ಆ ತೋಟದಲ್ಲಿ ಕರೆಂಟೇ ಕಡಿಮೆಯೋ ಹೇಳಿಬಿಡುತ್ತಿದ್ದರು. ನನ್ನ ಸುರುಳಿ ನೋಡಿಯೂ ಹೇಳಿದರು: "ಎಣ್ಣೆ ಬತ್ತೋಗೋವರ್ಗೂ ಎಳೀತೀರ. ಒಣ ಹತ್ತಿ ಸುಟ್ಟದೆ. ಅರ್ಧ ಇದ್ದಂಗೇ ತುಂಬ್ಕೊಳಿ. ಹೊಸ ಹತ್ತಿ ಹಾಕಿದ್ಮೇಲೆ ಎರಡು ತೊಟ್ಟು ಬಿಟ್ಟು ಕಾಲು ಗಂಟೆ ಸುಮ್ನಿರಿ. ಅದೂ ಕುಡೀಬೇಕಲ್ಲ?"

ಹತ್ತಿ ಮಾತ್ರ ನನ್ನ ಜವಾಬ್ದಾರಿ. ಔಷಧಿ ಅಂಗಡಿಯ ಹತ್ತಿ ಅವರಿಗೆ ಒಪ್ಪಿಗೆಯಾಗಲಿಲ್ಲ, ಏನೋ ಹಾಕಿ ಬೆಳ್ಳಗೆ ಮಾಡಿರುತ್ತಾರೆ ಎಂದು ಅನುಮಾನ. ನಮ್ಮ ಮನೆಯಲ್ಲಿ ಅಮ್ಮ ಹೂಬತ್ತಿ ಹೊಸೆಯಲು ಬಿಡಿಸಿಟ್ಟ ಹತ್ತಿಯಿತ್ತು. ಕದ್ದು ತಂದೆ. ಅಕ್ಕ ಅದನ್ನು ಎರಡು ಸಲ ಕುದಿಸಿ ಒಣಗಿಸಿ ಸೇರಿಸಿದರು. ಸುರುಳಿ ಹತ್ತು ದಿನದ ಬದಲು ಮೂರು ವಾರ ಬಾಳಿತು. "ದೇವರ ದೀಪದ ಹತ್ತೀನ ಯಾವ ಇಲಿ ಹೊತ್ಕೊಂಡು ಹೋಗ್ತಿದೆಯೋ" ಎಂದು ಅಮ್ಮ ಡಬ್ಬ ಬದಲಾಯಿಸಿದರು. ಹೊಸ ಡಬ್ಬವೂ ನನಗೆ ಸಿಕ್ಕಿತು.

ಹೀಗೆ ಎರಡು ವರ್ಷದ ಮೇಲೆ ನಡೆಯಿತು. ಶನಿವಾರ ಕೊಟ್ಟು ಬರುತ್ತಿದ್ದೆ, ಭಾನುವಾರ ತರುತ್ತಿದ್ದೆ. ಅಷ್ಟರಲ್ಲಿ ಕೇಂದ್ರ ಸರ್ಕಾರ ಇ-ಸಿಗರೇಟನ್ನು ನಿಷೇಧಿಸಿತು. ನನ್ನ ಬಳಿ ಉಳಿದದ್ದು ಎರಡು ಸುರುಳಿ, ನಾಲ್ಕಾರು ಬಾಟಲಿ ದ್ರವ. ಇನ್ನು ಅಂಗಡಿಗೆ ತರಬೇಡಿ ಅನ್ನುತ್ತಾರೆ ಎಂದುಕೊಂಡೇ ಹೋದೆ. ಅವರು ಎಂದಿನಂತೆ ಇಸಿದುಕೊಂಡರು. ಮರುದಿನ ಬೆಳಿಗ್ಗೆ ಅಟೊಮೈಸರನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನೇರವಾಗಿ ಪೊಲೀಸ್ ಠಾಣೆಗೆ ಹೋಗಿದ್ದರು.

ಅಲ್ಲಿ ನಡೆದದ್ದನ್ನು ಅವರೇ ಅಭಿನಯಿಸಿ ತೋರಿಸಿದರು. ಇವರು ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟು, "ಸಾರ್, ಇದನ್ನ ತೊಳೆದ್ರೆ ತಪ್ಪಾ?" ಎಂದು ಕೇಳಿದರಂತೆ. ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಮ್ಮ ಇದು, ನಲ್ಲಿ ಪಾರ್ಟಾ?" ಅಂದರಂತೆ. ಇವರು ಹತ್ತಿ, ಸುರುಳಿ, ಓಮ್ ಎಲ್ಲವನ್ನೂ ವಿವರಿಸಿದ್ದಾರೆ. ಇಬ್ಬರು ಕಾನ್‌ಸ್ಟೇಬಲ್‌ಗಳೂ ಬಂದು ನಿಂತು ಕೇಳಿದ್ದಾರೆ. ಕೊನೆಗೆ ಸಾಹೇಬರು, "ಮಾರೋದು, ತರಿಸೋದು, ಸ್ಟಾಕ್ ಇಡೋದು ತಪ್ಪು ಕಣಮ್ಮ. ತೊಳೆಯೋದು... ಅದು ನಂಗೂ ಗೊತ್ತಿಲ್ಲ. ನಿನ್ನ ಅಂಗಡೀಲಿ ಮಾತ್ರ ಇಟ್ಕೋಬೇಡ. ತಂದೋರ ಎದುರಿಗೇ ತೊಳ್ದು ಅವರ ಕೈಗೇ ಕೊಟ್ಬುಡು. ಸೇದೋದು ಬುಡು ಅಂತಾನೂ ಹೇಳು" ಅಂದರಂತೆ.

"ಹೇಳಿದೀನಿ ಸಾರ್, ಅವ್ರು ಕೇಳಲ್ಲ ಅಂದೆ" ಎಂದು ಅಕ್ಕ ನಕ್ಕರು. ಅವರು ನನಗೆ ಒಂದು ಸಲವೂ ಹಾಗೆ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ನಾನು ಅಂಗಡಿಯಲ್ಲೇ ಕೂರಬೇಕಾಯಿತು. ತೊಳೆದು, ಸುಟ್ಟು, ಒಣಗಿಸುವುದಕ್ಕೆ ಭಾನುವಾರ ಬೆಳಿಗ್ಗೆ ಮೂರು ಗಂಟೆಯಷ್ಟು ಹೊತ್ತು ಹಿಡಿಯುತ್ತಿತ್ತು. ತಿರುಗಿಸಿಟ್ಟ ಗ್ರೈಂಡರ್ ಕಲ್ಲಿನ ಮೇಲೆ ಗೋಣಿಚೀಲ ಹಾಸಿ ನನಗೆ ಆಸನ. ತೊಳೆಯುವುದಿಲ್ಲದ ಭಾನುವಾರವೂ ಹೋಗಿ ಕೂರುವುದು ಅಭ್ಯಾಸವಾಯಿತು. ಒಲೆಯಲ್ಲಿ ವಾರ್ನಿಶ್ ಬೇಯುವ ವಾಸನೆ ಶರಟಿಗೆಲ್ಲ ಹತ್ತುತ್ತಿತ್ತು. ಮನೆಗೆ ಹೋದರೆ ಹೆಂಡತಿ, "ನಿಮ್ಮ ಸಿಗರೇಟೇ ವಾಸಿಯಿತ್ತು ಕಣ್ರೀ" ಅನ್ನುತ್ತಿದ್ದಳು.

ಅಂಥ ಒಂದು ಬೆಳಿಗ್ಗೆ ಅಕ್ಕ ಒಂದು ಪ್ರಶ್ನೆ ಕೇಳಿದರು.

"ಮೇಷ್ಟ್ರೇ, ಎಳ್ದಾಗ ಏನಾಯ್ತದೆ?"

"ಸಮಾಧಾನ ಆಗುತ್ತೆ."

"ಎಂಥ ಸಮಾಧಾನ? ಹಸಿದೋನಿಗೆ ಅನ್ನ ಸಿಕ್ಕಂಗಾ? ಇಲ್ಲಾ ತುರಿಕೆ ಇದ್ದ ಕಡೆ ಕೆರ್ಕೊಂಡಂಗಾ?"

ಈ ಚಟದ ಬಗ್ಗೆ ನನಗೆ ಅಪ್ಪ ಬೈದಿದ್ದರು, ಹೆಂಡತಿ ಅತ್ತಿದ್ದಳು, ಡಾಕ್ಟರು ಹೆದರಿಸಿದ್ದರು. ಅದು ಹೇಗಿರುತ್ತದೆ ಎಂದು ಯಾರೂ ಕೇಳಿರಲಿಲ್ಲ. ನುಣುಚಿಕೊಳ್ಳುವ ಉತ್ತರ ಕೊಡಲು ಮನಸ್ಸು ಬರಲಿಲ್ಲ. ಅವರು ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದರು. ತುಂಬ ಹೊತ್ತು ಯೋಚಿಸಿ, "ತುರಿಕೆ ಅನ್ಸುತ್ತೆ" ಎಂದೆ.

"ಹಂಗಾದ್ರೆ ತುರಿಕೆ ಮೊದಲು ಎಲ್ಲಿ ಶುರುವಾಯ್ತದೆ? ಗಂಟಲಲ್ಲಾ, ಎದೇಲಾ, ಕೈಯಲ್ಲಾ? ಗೊತ್ತಿಲ್ವಾ? ನೋಡ್ಕೊಂಡು ಬಂದು ಹೇಳಿ."

ನಾನು ನೋಡಿಕೊಂಡೆ. ಆ ವಾರವೆಲ್ಲ ಪೀಪಿ ತೆಗೆಯುವ ಮೊದಲು ಒಂದು ಕ್ಷಣ ನಿಂತು, ಎಲ್ಲಿ ಶುರುವಾಯಿತು ಎಂದು ಹುಡುಕಿದೆ. ಮುಂದಿನ ಭಾನುವಾರ ಮನೆಪಾಠ ಒಪ್ಪಿಸುವ ವಿದ್ಯಾರ್ಥಿಯ ಹಾಗೆ ಹೇಳಿದೆ: ಬೆಳಿಗ್ಗೆ ಕಾಫಿಯ ನಂತರದ್ದು ಎದೆಯದು. ತರಗತಿಯಿಂದ ಸ್ಟಾಫ್‌ರೂಮಿಗೆ ನಡೆಯುವಾಗಿನದು ಕೈಯದು, ಡಸ್ಟರ್ ಇಟ್ಟ ಮೇಲೆ ಕೈಗೆ ಏನೂ ಇರುವುದಿಲ್ಲ. ಹೆಂಡತಿಯೊಂದಿಗೆ ಜಗಳವಾದ ಮೇಲಿನದು ಎಲ್ಲಿಯದೂ ಅಲ್ಲ, ಮನೆಯಿಂದ ಹೊರಗೆ ಹೋಗಲು ಒಂದು ನೆಪ. ಅಕ್ಕ ತಂತಿ ಸುತ್ತುವುದನ್ನು ನಿಲ್ಲಿಸಿ ಕೇಳಿದರು. "ಎಷ್ಟೊಂದು ತರಾ ಅದೆಯಲ್ಲ!" ಎಂದು ಬೆರಗುಪಟ್ಟರು. ಬಿಡಿ ಎಂದು ಆಗಲೂ ಹೇಳಲಿಲ್ಲ.

ನಾಲ್ಕೈದು ತಿಂಗಳು ಕಳೆದಿರಬೇಕು. ಒಂದೇ ಸುರುಳಿ ಏಳು ವಾರ ಬಂದಿತ್ತು. ಬಿಚ್ಚಿ ನೋಡಿದರೆ ಹತ್ತಿ ಇನ್ನೂ ತೆಳು ಕಂದು. ನಾನು ಹಿಗ್ಗಿ, "ನಿಮ್ಮ ಕೈಗುಣ ಅಕ್ಕ, ಕಂಪನಿಯವರೂ ಇಷ್ಟು ಬಾಳಿಕೆ ಬರೋ ಹಾಗೆ ಮಾಡಿರಲ್ಲ" ಎಂದೆ. ಅವರು ಪುಸ್ತಕ ತೆಗೆದು ಹಿಂದಿನ ಪುಟಗಳಲ್ಲಿ ತೊಳೆದ ತಾರೀಖುಗಳ ಮೇಲೆ ಬೆರಳಾಡಿಸಿದರು. ಮೂರು ವಾರ, ಮೂರು ವಾರ, ನಾಲ್ಕು, ಐದು, ಏಳು.

"ನಾನು ತೊಳೆಯೋದು ಮೊದ್ಲಿಂದ್ಲೂ ಒಂದೇ ತರಾ ಮೇಷ್ಟ್ರೇ. ಅದೇ ನೀರು, ಅದೇ ಹತ್ತಿ. ಬಾಳಿಕೆ ಬತ್ತಿರೋದು ನನ್ನ ಕೈಯಿಂದಲ್ಲ. ನೀವು ಎಳೆಯೋದು ಕಮ್ಮಿ ಮಾಡ್ಬುಟ್ಟಿದೀರ."

ನಾನು ಬಾಟಲಿಗಳನ್ನು ನೆನಪಿಸಿಕೊಂಡೆ. ಆರು ವಾರದ ಹಿಂದೆ ತೆರೆದದ್ದು ಇನ್ನೂ ಮುಗಿದಿರಲಿಲ್ಲ. ನನಗೆ ಗೊತ್ತಾಗದ ಹಾಗೆ ನನ್ನೊಳಗೆ ಏನೋ ನಡೆದಿತ್ತು, ಅದು ಅವರ ಪುಸ್ತಕದಲ್ಲಿ ದಾಖಲಾಗಿತ್ತು. ಲಾಕ್‌ಡೌನ್ ಬರುವ ಸ್ವಲ್ಪ ಮುಂಚೆ ಒಂದು ದಿನ ಪೀಪಿಯನ್ನು ಅವರ ಕೈಗೆ ಕೊಟ್ಟು, "ಇನ್ನು ತೊಳೆಯೋದು ಬೇಡ" ಎಂದೆ. ಅವರು ಶಹಬ್ಬಾಸ್ ಎನ್ನಲಿಲ್ಲ. "ಹಂಗಾದ್ರೆ ಕೆಳಗಡೇದು ಬಿಚ್ಚಿ ನೋಡ್ಬೋದಾ? ಬ್ಯಾಟ್ರಿ ಮೇಲೆ ಅದೇನೋ ಹಸಿರು ಪಟ್ಟಿ ಅದೆಯಲ್ಲ, ಅದೇನ್ ಮಾಡ್ತದೆ ಅಂತ ಬೋ ದಿನದಿಂದ ಆಸೆ" ಎಂದರು. ಮಧ್ಯಾಹ್ನದವರೆಗೆ ಇಬ್ಬರೂ ಅದನ್ನು ಬಿಚ್ಚಿ ನೋಡಿದೆವು.

ಲಾಕ್‌ಡೌನ್ ಮುಗಿದು ಅಂಗಡಿ ತೆರೆದಾಗ ಅವರಿಗೆ ಕೆಮ್ಮಿತ್ತು. ಎಲ್ಲರಿಗೂ ಒಂದೇ ಭಯ. ಪರೀಕ್ಷೆ ಮಾಡಿಸಿದರು, ಏನೂ ಇಲ್ಲ ಎಂದು ಬಂತು. ಎಲ್ಲರಿಗೂ ಎಷ್ಟು ನೆಮ್ಮದಿಯಾಯಿತೆಂದರೆ, ಕೆಮ್ಮು ಹೋಗಲಿಲ್ಲ ಎಂಬುದನ್ನೇ ಮರೆತೆವು. ಎರಡು ವರ್ಷ ಕೆಮ್ಮುತ್ತಲೇ ತಂತಿ ಸುತ್ತಿದರು. ಒಂದು ದಿನ ಪಂಪಿನ ಮೋಟಾರು ಎತ್ತಲು ಹೋಗಿ ಉಸಿರು ಸಿಗದೆ ನೆಲಕ್ಕೆ ಕೂತರಂತೆ. ಆಸ್ಪತ್ರೆಗೆ ಅವರ ಯಜಮಾನರ ಜೊತೆ ನಾನೂ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು. "ಮನೇಲಿ ಯಾರಾದ್ರೂ ಸ್ಮೋಕ್ ಮಾಡ್ತಾರಾ?" ಎಂದು ಕೇಳಿದರು. ಇಲ್ಲ ಎಂದರು ಯಜಮಾನರು. "ಕೆಲಸ ಏನು?" ಹೇಳಿದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, "ಆ ವಾರ್ನಿಶ್ ಬೇಯಿಸೋ ರೂಮಲ್ಲಿ ಕಿಟಕಿ ಇದೆಯಾ?" ಎಂದರು.

ಇರಲಿಲ್ಲ. ಮುಂದುಗಡೆ ಶಟರ್ ಬಿಟ್ಟರೆ ಮೂರು ಕಡೆಯೂ ಗೋಡೆ. ಎಷ್ಟೋ ಭಾನುವಾರ ಮೂರು ಮೂರು ಗಂಟೆ ಆ ವಾಸನೆಯಲ್ಲಿ ಕೂತು ನನ್ನ ಎದೆಯ ತುರಿಕೆಯನ್ನು ವರ್ಣಿಸಿದವನು ನಾನು. ಅನಿಲಗಳ ವಿಸರಣೆಯ ಪಾಠ ಮಾಡುವವನು. ಆ ಡಾಕ್ಟರಿಗೆ ಎರಡು ನಿಮಿಷದಲ್ಲಿ ಹೊಳೆದ ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ.

ವಾರ್ಡಿನಲ್ಲಿ ಅವರ ಮುಖಕ್ಕೆ ನೆಬುಲೈಸರ್ ಮಾಸ್ಕ್ ಹಾಕಿದ್ದರು. ಔಷಧಿ ಮಂಜಿನಂತೆ ಏಳುತ್ತಿತ್ತು. ಕ್ಷಮೆ ಕೇಳುವ ಹಾಗೆ ಏನಾದರೂ ಹೇಳಬೇಕೆಂದು ಮಂಚದ ಹತ್ತಿರ ಹೋದೆ. ಅವರು ಮಾಸ್ಕ್ ಎತ್ತಿದರು.

"ಮೇಷ್ಟ್ರೇ, ಇದ್ರಲ್ಲಿ ಕಾಯಿಲ್ಲೇ ಇಲ್ಲ! ಮುಟ್ಟಿ ನೋಡಿ, ತಣ್ಣಗದೆ. ಬಿಸಿ ಇಲ್ದೆ ನೀರು ಎಂಗೆ ಹೊಗೆ ಆಯ್ತದೆ?"

ಔಷಧಿ ಚೀಟಿಯ ಹಿಂಭಾಗದಲ್ಲಿ ಚಿತ್ರ ಬರೆದು ತೋರಿಸಿದೆ. ಸಣ್ಣ ತೂತಿನಿಂದ ಗಾಳಿ ರಭಸವಾಗಿ ನುಗ್ಗಿದರೆ ಅಲ್ಲಿ ಒತ್ತಡ ಇಳಿಯುತ್ತದೆ, ಕೆಳಗಿನ ದ್ರವ ಮೇಲೇರುತ್ತದೆ, ಗಾಳಿಯ ಹೊಡೆತಕ್ಕೆ ಒಡೆದು ಹನಿಯಾಗುತ್ತದೆ. ನಾಲಗೆಯ ತುದಿ ಕಚ್ಚಿಗೆ ಹೋಯಿತು. ನನ್ನ ಓದು ಅವರಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ನರ್ಸ್ ಬಂದು ಮಾಸ್ಕನ್ನು ಮತ್ತೆ ಮುಖಕ್ಕೆ ಒತ್ತಿದರು.

ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಸಲ ನೆಬುಲೈಸರ್. ಯಜಮಾನರು ಅಪಾರ್ಟ್‌ಮೆಂಟಿನ ಕೆಲಸ ಬಿಟ್ಟು ಮತ್ತೆ ಅಂಗಡಿಯಲ್ಲಿ ಕೂತರು. ಸುಟ್ಟ ಮೋಟಾರನ್ನು ಮೊಬೈಲಿನಲ್ಲಿ ತೋರಿಸಿ ಹೆಂಡತಿಯನ್ನು ಕೇಳಿಕೊಂಡೇ ಸುತ್ತುತ್ತಿದ್ದರು. ಭಾನುವಾರ ನಾನು ಹೋಗಿ ನೆಬುಲೈಸರಿನ ಬಟ್ಟಲು ತೊಳೆಯುತ್ತಿದ್ದೆ. ಬಿಸಿನೀರು, ಮೂರು ಸಲ ಬದಲಾವಣೆ, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ ಒಣಗಿಸುವುದು. ಅವರು ದಿಂಬಿಗೆ ಒರಗಿ ಕಣ್ಣಿಟ್ಟಿರುತ್ತಿದ್ದರು. "ತೂತಿಗೆ ಪಿನ್ ಹಾಕ್ಬೇಡಿ ಮೇಷ್ಟ್ರೇ. ತೂತು ದೊಡ್ಡದಾದ್ರೆ ಹನಿ ದಪ್ಪ ಆಯ್ತದೆ, ಎದೆವರ್ಗೂ ಹೋಗಲ್ಲ."

"ಅಕ್ಕ, ಉಸಿರು ಕಟ್ಟಿದಾಗ ಹೇಗಿರುತ್ತೆ?" ಎಂದು ಒಂದು ದಿನ ಕೇಳಿದೆ. ಬಹಳ ತಡವಾಗಿ ಕೇಳಿದೆ. ಅವರು ಸರಿಯಾಗಿ ಯೋಚಿಸಿ ಹೇಳಿದರು: "ಒಳಗ್ ತಗೊಳ್ಳೋಕೆ ಕಷ್ಟ ಇಲ್ಲ. ಹೊರಗ್ ಬುಡೋಕೇ ಆಗಲ್ಲ. ಹಳೇದು ಹೋಗ್ದೆ ಹೊಸದು ಎಲ್ಲಿ ಕೂತದೆ?"

ಅದಾದ ವಾರ ನಾನೂ ಯಜಮಾನರೂ ಸೇರಿ ಅಂಗಡಿಯ ಹಿಂದಿನ ಗೋಡೆ ಒಡೆಸಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ನೋಡಲೇಬೇಕೆಂದು ಹಟ ಹಿಡಿದು ಅಕ್ಕ ಆಟೋದಲ್ಲಿ ಬಂದರು. ಬಾಗಿಲಲ್ಲಿ ಐದು ನಿಮಿಷ ಸುಧಾರಿಸಿಕೊಂಡು, ದೇವರ ಪಟದ ಮುಂದಿನಿಂದ ಒಂದು ಊದುಬತ್ತಿ ತರಿಸಿ ಹಚ್ಚಿದರು. ಹೊಗೆಗೆ ಅವರು ಮುಖ ಕೊಡಬಾರದೆಂದು ಯಜಮಾನರು ಕಸಿದುಕೊಂಡರು. ಅಕ್ಕ ದೂರ ನಿಂತು, ಅಲ್ಲಿ ಹಿಡಿ, ಇಲ್ಲಿ ಹಿಡಿ ಎಂದು ಅಂಗಡಿಯ ಮೂಲೆ ಮೂಲೆಯಲ್ಲೂ ಹಿಡಿಸಿದರು. ಎಲ್ಲ ಕಡೆಯೂ ಹೊಗೆ ಎಳೆಯಾಗಿ ಫ್ಯಾನಿನತ್ತ ಹೋಯಿತು. ಒಲೆಯ ಪಕ್ಕದಲ್ಲಿ ಮಾತ್ರ ನಿಂತಲ್ಲೇ ಸುತ್ತಿತು.

"ನೋಡಿ, ಅಲ್ಲಿ ಎಳೀತಿಲ್ಲ. ಬೇಕಾಗಿರೋದೇ ಅಲ್ಲಿ. ಫ್ಯಾನು ಒಂದಡಿ ಎಡಕ್ಕೆ ಬರ್ಬೇಕಿತ್ತು" ಎಂದರು. ಬೇಸರವೇನೂ ಇರಲಿಲ್ಲ, ತಪ್ಪು ಸಿಕ್ಕಿದ ಖುಷಿ ಇತ್ತು.

ಗಾರೆಯವನು ಗುರುವಾರ ಬರುತ್ತೇನೆಂದಿದ್ದ. ಮಂಗಳವಾರ ಬೆಳಿಗ್ಗೆ ಅಕ್ಕ ಹೋಗಿಬಿಟ್ಟರು. ಕಾಫಿ ಕೇಳಿದ್ದರಂತೆ, ಯಜಮಾನರು ತರುವಷ್ಟರಲ್ಲಿ ಇರಲಿಲ್ಲ.

ಇಂದು ನಾನು ಮೂರು ಅಂತಸ್ತು ಹತ್ತಿ ತರಗತಿಗೆ ಹೋಗಿ, ನಿಲ್ಲದೆ ಪಾಠ ಶುರು ಮಾಡುತ್ತೇನೆ. ಆ ಉಸಿರು ಯಾರು ಕೊಟ್ಟದ್ದೆಂದು ನನಗೆ ಗೊತ್ತು. ಅದಕ್ಕೆ ಬದಲಾಗಿ ಅವರಿಗೆ ಕೊಡಬಹುದಾಗಿದ್ದ ಒಂದು ಪ್ರಶ್ನೆಯನ್ನು ನಾನು ಕೊಡಲಿಲ್ಲ ಎಂಬುದೂ ಗೊತ್ತು.

ತಿಥಿ ಕಳೆದ ಮೇಲೆ ಯಜಮಾನರು ಅಂಗಡಿಯ ಶಟರ್ ಎತ್ತಿದ ದಿನ ಗಾರೆಯವನನ್ನು ಕರೆಸಿದೆವು. ಹಳೆಯ ತೂತು ಮುಚ್ಚಿ ಒಂದಡಿ ಎಡಕ್ಕೆ ಹೊಸದು ಕೊರೆದ. ಫ್ಯಾನ್ ಹಾಕಿ ಯಜಮಾನರು ಊದುಬತ್ತಿ ಹಚ್ಚಿ ಒಲೆಯ ಪಕ್ಕ ಹಿಡಿದರು. ನಾನು ಫ್ಯಾನಿನ ಸ್ವಿಚ್ ಒತ್ತಿದೆ. ಹೊಗೆ ಒಂದು ಕ್ಷಣ ನಿಂತಲ್ಲೇ ಸುತ್ತಿತು, ಆಮೇಲೆ ಬಾಗಿ, ನೂಲಿನಂತೆ ನೆಟ್ಟಗಾಗಿ, ಗೋಡೆಯಾಚೆಗೆ ಹೊರಟಿತು.

"ಎಳೀತದೆ" ಎಂದರು ಅವರು.